ತಂಬೂರಿ ಎಲ್ಲಿ ಹೋಯ್ತು?

ಚೆನ್ನೈನ ಅಣ್ಣಾ ನಗರದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕಿದೆ. ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳು, ಅಪ್ಪ ಕೊಂಡ ಕನ್ನಡ ಸಿನಿಮಾ ರೆಕಾರ್ಡುಗಳು, ಅಮ್ಮನ ಕ್ಯಾಸೆಟ್ಟುಗಳು ಅದರೊಳಗಿವೆ. ಒಂದು ಕ್ಯಾಸೆಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಅಮ್ಮ, ದೇವರನಾಮ, ಮೈಸೂರು ಮನೆ’ ಎಂದು ಬರೆದಿದೆ. ನಮ್ಮಜ್ಜಿ ತಂಬೂರಿ ಮೀಟುತ್ತಾ ಹಾಡಿದ್ದು ಅದೊಂದರಲ್ಲೇ ಉಳಿದಿರುವುದು. ಪೆನ್‌ಡ್ರೈವಿಗೆ ಹಾಕಿಸೋಣವೆಂದು ಒಂದು ಅಂಗಡಿಗೆ ಕೊಟ್ಟೆ. ಎರಡು ದಿನಕ್ಕೆ ವಾಪಸ್ ಬಂತು. ಸುಯ್ ಎನ್ನುವ ಸದ್ದು ಒಂದಿಷ್ಟೂ ಇರಲಿಲ್ಲ. ಸಂತೋಷದಿಂದ ಮೈಸೂರಿನ ಚಿಕ್ಕಮ್ಮನಿಗೆ ಕಳಿಸಿದೆ. ಆಕೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮನ ದನಿ ಇದೆ. ತಂಬೂರಿ ಎಲ್ಲಿ ಹೋಯ್ತೋ?” ಅಂದರು.

ಟೇಪಿನ ಗದ್ದಲವನ್ನು ಸಾಫ್ಟ್‌ವೇರ್ ಅಳಿಸಿಬಿಡುತ್ತದೆ, ಆಮೇಲೆ ಉಳಿಯುವುದು ಬರೀ ಹಾಡು ಎಂಬುದು ಬಹಳ ಜನರ ನಂಬಿಕೆ. ಆ ಸಾಫ್ಟ್‌ವೇರ್ ಕೆಲಸ ಮಾಡುವ ರೀತಿ ಹೀಗಿದೆ: ಹಾಡಿಲ್ಲದ ಒಂದೆರಡು ಸೆಕೆಂಡಿನ ತುಣುಕನ್ನು ನಾವು ಆರಿಸಿ, ಇದೇ ಗದ್ದಲ ಎಂದು ತೋರಿಸಬೇಕು. ಆ ಬಗೆಯ ಸದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ತಗ್ಗಿಸುತ್ತಾ ಹೋಗುತ್ತದೆ. ಅಜ್ಜಿ ಬಾಯಿ ತೆರೆಯುವ ಮುಂಚಿನ ಆ ಸೆಕೆಂಡುಗಳಲ್ಲಿ ಟೇಪಿನ ಸುಯ್ ಜೊತೆಗೆ ತಂಬೂರಿಯೂ ಮೊಳಗುತ್ತಿತ್ತು. ಒಂದೇ ಸಮನೆ ಬರುವ ನಾದವದು. ಯಂತ್ರಕ್ಕೆ ಎರಡೂ ಒಂದೇ. ಅಂಗಡಿಯವರ ಹತ್ತಿರ ಗದ್ದಲ ಅಳಿಸುವ ಮುಂಚಿನ ಫೈಲೂ ಇರಲಿಲ್ಲ. ಅಂದಿನಿಂದ ಈ ಕೆಲಸ ನಾನೇ ಮಾಡುತ್ತೇನೆ. ಟೇಪಿನಿಂದ ಬಂದದ್ದನ್ನು ಬಂದ ಹಾಗೇ ಒಂದು ಫೈಲಾಗಿ ಎತ್ತಿಡುತ್ತೇನೆ. ತೊಳೆಯುವುದು, ತಿದ್ದುವುದು ಏನಿದ್ದರೂ ಅದರ ನಕಲಿನ ಮೇಲೆ.

‘ಒಳ್ಳೆಯ ಕಂಪ್ಯೂಟರ್ ಇದ್ದರೆ ಸಾಕು’ ಎನ್ನುವ ಮಾತೂ ಆಗಾಗ ಕೇಳುತ್ತೇನೆ. ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ, ಆಡಾಸಿಟಿಯಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹಾಡಿನ ಹಣೆಬರಹ ನಿರ್ಧಾರವಾಗುವುದು ಅದಕ್ಕೂ ಮೊದಲೇ, ಟೇಪು ಪ್ಲೇಯರಿನ ಹೆಡ್ಡಿಗೆ ತಾಗುವ ಜಾಗದಲ್ಲಿ. ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್. ಅದರಲ್ಲೇ ಎರಡು ಬದಿಯ ಸ್ಟೀರಿಯೊ, ಅಂದರೆ ನಾಲ್ಕು ಸಾಲು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದಿದ್ದರೆ, ನೇರವಾಗಿರುವ ಇನ್ನೊಂದು ಯಂತ್ರದಲ್ಲಿ ಹಾಡು ಕಂಬಳಿ ಹೊದ್ದುಕೊಂಡಂತೆ ಮಂಕಾಗಿ ಕೇಳುತ್ತದೆ. ಟೇಪು ಹಾಳಾಗಿದೆ ಎಂದು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹಾಡು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಎಳ್ಳಷ್ಟು ತಿರುಗಿಸಿ ನೋಡಿ. ಸ, ಶ ಅಕ್ಷರಗಳು, ತಾಳದ ಕಿಣಿಕಿಣಿ ಒಮ್ಮೆಲೇ ತೆರೆದುಕೊಳ್ಳುವ ಒಂದು ಜಾಗ ಸಿಗುತ್ತದೆ; ಅಲ್ಲಿ ನಿಲ್ಲಿಸಬೇಕು. ಎಷ್ಟು ತಿರುಗಿಸಿದಿರೆಂದು ಗುರುತಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತನ್ನಿ. ಈ ಕೆಲಸವನ್ನು ಯಾವ ಸಾಫ್ಟ್‌ವೇರೂ ಆಮೇಲೆ ಪೂರ್ತಿ ಮಾಡಿಕೊಡಲಾರದು.

ವೇಗದ ವಿಷಯಕ್ಕೆ ಬಂದರೆ, ಯಂತ್ರ ತಾನಾಗಿ ಸರಿಯಾದ ವೇಗದಲ್ಲೇ ಓಡುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಎನ್ನುವುದು ಕ್ಯಾಸೆಟ್ಟಿನ ನಿಯಮ, ನಿಜ. ಆದರೆ ಮನೆಯಲ್ಲಿ ಸೆಲ್ ಹಾಕಿ ರೆಕಾರ್ಡ್ ಮಾಡುವಾಗ ಸೆಲ್ ಸೊರಗಿದ್ದರೆ ಟೇಪು ನಿಧಾನ ಓಡಿರುತ್ತದೆ, ಈಗ ಸರಿಯಾದ ಯಂತ್ರದಲ್ಲಿ ಹಾಕಿದರೆ ದನಿ ಏರಿ ಕೇಳುತ್ತದೆ. ವೇಗ ಸುಮಾರು ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಮನೆ ಮೇಲೆ ಹೋಯಿತೆಂದೇ ಲೆಕ್ಕ. ನಮ್ಮ ಕ್ಯಾಸೆಟ್ಟಿನಲ್ಲಿ ಅಜ್ಜಿಯ ಶ್ರುತಿ ಐದೂವರೆ ಮನೆ ಬರುತ್ತಿತ್ತು. ಚಿಕ್ಕಮ್ಮನನ್ನು ಕೇಳಿದೆ. “ಅಮ್ಮಂದು ಯಾವತ್ತೂ ಐದು ಮನೆ ಕಣೋ” ಅಂದರು. ಇದನ್ನು ತಿದ್ದುವಾಗ ಬರೀ ಶ್ರುತಿ ಇಳಿಸುವ ಗುಂಡಿ ಒತ್ತಬಾರದು, ವೇಗವನ್ನೇ ಇಳಿಸಬೇಕು. ಆಗ ಶ್ರುತಿಯೂ ಕಾಲವೂ ಒಟ್ಟಿಗೇ ಸರಿಹೋಗುತ್ತವೆ.

ಪ್ಲೇಟುಗಳ ಕಥೆ ಬೇರೆ. ‘ಧೂಳು ಹಿಡಿದಿದೆ, ಸ್ಪಿರಿಟ್ ಹಾಕಿ ಒರೆಸಿ’ ಎನ್ನುವ ಸಲಹೆಯಷ್ಟು ಅಪಾಯದ್ದು ಇನ್ನೊಂದಿಲ್ಲ. ಭಾರತದಲ್ಲಿ 1960ರ ದಶಕದವರೆಗೂ ಅಚ್ಚಾದ 78 ವೇಗದ ಪ್ಲೇಟುಗಳು ಅರಗಿನವು. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಪಾಲಿಶ್ ಕೊಡುತ್ತಾರಲ್ಲ, ಅದೇ ಅರಗು. ಸ್ಪಿರಿಟ್ ಬಿದ್ದಲ್ಲಿ ಹಾಡಿರುವ ಗೆರೆಯೇ ಕರಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಈ ದೇಶದ ಧ್ವನಿಮುದ್ರಣಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬರಾದ ಗಾಯಕಿ ಗೌಹರ್ ಜಾನ್, ಕೊನೆಗೆ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಆಕೆಯ ದನಿ ಇವತ್ತಿಗೂ ನಮಗೆ ಸಿಗುತ್ತಿರುವುದು ಇಂಥ ಅರಗಿನ ಗೆರೆಗಳಿಂದಲೇ. ಪ್ಲೇಟು ತೊಳೆಯಲು ಬಟ್ಟಿ ಇಳಿಸಿದ ನೀರು, ಒಂದು ಹನಿ ಮೃದುವಾದ ಸೋಪು, ಮೆತ್ತನೆ ಬ್ರಶ್ ಸಾಕು. ಲೇಬಲ್ ಒದ್ದೆಯಾಗದಿರಲಿ, ತೊಳೆದ ಕೂಡಲೇ ಒಣಗಿಸಿ.

ಮುಳ್ಳಿನ ವಿಷಯದಲ್ಲೂ ಎಚ್ಚರ ಬೇಕು. 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕೊಳೆಯನ್ನೆಲ್ಲ ಹಾಡಿಸುತ್ತದೆ. ಇನ್ನು ಒಂದೇ ಚಾನಲ್ಲಿನ ಹಳೆಯ ರೆಕಾರ್ಡುಗಳನ್ನು ಸ್ಟೀರಿಯೊ ಮುಳ್ಳಿನಲ್ಲಿ ತೆಗೆದಾಗ ಎರಡು ಚಾನಲ್ಲುಗಳನ್ನು ಕೂಡಿಸಿ ಒಂದು ಮಾಡಿದರೆ ಚಟಪಟ ಸದ್ದು ಎಷ್ಟೋ ತಗ್ಗುತ್ತದೆ. ಅಪ್ಪನ ಸಿನಿಮಾ ರೆಕಾರ್ಡುಗಳನ್ನು ತೆಗೆಯುವಾಗ ನೆನಪಾಗುತ್ತದೆ: ಬಹಳ ಕಾಲ ಕನ್ನಡ ಸಿನಿಮಾ ಹಾಡುಗಳು ಹುಟ್ಟಿದ್ದು ಇದೇ ಮದ್ರಾಸಿನ ಸ್ಟುಡಿಯೊಗಳಲ್ಲಿ. ಗಾಯಕ ಪಿ.ಬಿ. ಶ್ರೀನಿವಾಸ್ ಬಾಳಿದ್ದೂ ಈ ಊರಿನಲ್ಲೇ. ಊರಿಗೆ ಇಷ್ಟು ಹತ್ತಿರದ ದನಿಗಳು ಅಟ್ಟದ ಮೇಲೆ ಕೊಳೆಯುವುದನ್ನು ನಾನು ಸಹಿಸಲಾರೆ.

ರೆಕಾರ್ಡ್ ಪ್ಲೇಯರಿನ ವೈರನ್ನು ನೇರವಾಗಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚುವುದು ಇನ್ನೊಂದು ತಪ್ಪು. ಎಲ್‌ಪಿ ಕೆತ್ತುವಾಗ ತಗ್ಗು ಸ್ವರಗಳನ್ನು ಇಳಿಸಿ ಮೇಲಿನ ಸ್ವರಗಳನ್ನು ಏರಿಸಿರುತ್ತಾರೆ, ಅದನ್ನು ಮರಳಿ ಸರಿಮಾಡುವುದು ಫೋನೊ ಪ್ರಿ-ಆಂಪ್ಲಿಫೈಯರ್. ಅದಿಲ್ಲದೆ ಹಾಡು ತಗಡಿನ ಡಬ್ಬದೊಳಗಿಂದ ಬಂದಂತಿರುತ್ತದೆ. ಇಲ್ಲಿನ ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪ್ರಿ-ಆಂಪ್ ಮತ್ತು ಸ್ಟೀರಿಯೊ ಲೈನ್-ಇನ್ ಇರುವ ಯುಎಸ್‌ಬಿ ಡಬ್ಬಿ ಕೇಳಿ ನೋಡಿ. ಪ್ಲೇಯರಿನಲ್ಲೇ ಪ್ರಿ-ಆಂಪ್ ಅಡಕವಾಗಿದ್ದರೆ ಮತ್ತೊಂದು ಬೇಡ.

ಡಿಜಿಟಲ್ ಮಾಡುವಾಗ ಬಿಟ್, ಕಿಲೊಹರ್ಟ್ಸ್ ಅಂಕಿ ದೊಡ್ಡದಾದಷ್ಟೂ ಗುಣ ಹೆಚ್ಚು ಎನ್ನುವವರಿಗೆ ನನ್ನದೊಂದೇ ಮಾತು: ಮನೆಯ ಕ್ಯಾಸೆಟ್ಟಿನಲ್ಲಿ 15 ಕಿಲೊಹರ್ಟ್ಸ್ ಮೇಲೆ ಕೇಳುವಂಥದ್ದು ಹೆಚ್ಚೇನೂ ಇರುವುದಿಲ್ಲ. 24 ಬಿಟ್, 48 ಕಿಲೊಹರ್ಟ್ಸ್ ಧಾರಾಳ ಸಾಕು. ನಿಮಿಷಕ್ಕೆ ಸುಮಾರು 17 ಎಂಬಿ, 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿಬಿ. ಫ್ಲ್ಯಾಕ್ ಮಾಡಿದರೆ ಏನೂ ಕಳೆಯದೆ ಇದಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. ಎಂಪಿ3 ವಾಟ್ಸಾಪಿನಲ್ಲಿ ಹಂಚಲಿಕ್ಕೆ ಇರಲಿ, ಕಾಪಿಡಲಿಕ್ಕೆ ಬೇಡ.

ಚೆನ್ನೈ ಸೆಕೆಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ. ಬಿಸಿಲಿಗಿಟ್ಟರೆ ಹೋಗುತ್ತದೆ ಎಂದು ಕೆಲವರು, ಓವನ್ನಿನಲ್ಲಿ ಕಾಯಿಸಬೇಕೆಂದು ಕೆಲವರು ಹೇಳುತ್ತಾರೆ. ಕಾಯಿಸುವ ಕ್ರಮವಿರುವುದು ಅಂಟಂಟಾದ ಕೆಲವು ಬಗೆಯ ರೀಲ್ ಟೇಪುಗಳಿಗೆ, ಅದೂ ಅಳತೆಯ ಹದ ಬಿಸಿಯಲ್ಲಿ. ಕ್ಯಾಸೆಟ್ಟಿನ ಪ್ಲಾಸ್ಟಿಕ್ ಬಿಸಿಲಿಗೆ ಸೊಟ್ಟಗಾಗುತ್ತದೆ ಅಷ್ಟೆ. ಬೂಷ್ಟು ಹಿಡಿದದ್ದನ್ನು ಒರೆಸದೆ ಹಾಕಿದರೆ ಹೆಡ್ಡಿಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಡಿಜಿಟಲ್ ಆಯಿತಲ್ಲ, ಇನ್ನು ಟ್ರಂಕು ಗುಜರಿಗೆ ಹಾಕಿ ಎಂದವರ ಮಾತು ಕೇಳಬೇಡಿ. ನನ್ನ ಹಾಗೆ ಮೊದಲ ಸಲ ಕೆಟ್ಟರೆ ಮತ್ತೆ ಹೋಗಬೇಕಾದ್ದು ಆ ಕ್ಯಾಸೆಟ್ಟಿನ ಹತ್ತಿರಕ್ಕೇ. ಹಾರ್ಡ್ ಡಿಸ್ಕೂ ಒಂದು ದಿನ ಸಾಯುತ್ತದೆ, ನೀರು ಊರೊಳಗೆ ನುಗ್ಗುವುದನ್ನು 2015ರ ಡಿಸೆಂಬರಿನಲ್ಲಿ ಚೆನ್ನೈ ಕಂಡಿದೆ. ನನ್ನ ಒಂದು ಪ್ರತಿ ಇಲ್ಲಿದೆ, ಇನ್ನೊಂದು ಮೈಸೂರಿನಲ್ಲಿ.

ಅಜ್ಜಿಯ ಕ್ಯಾಸೆಟ್ಟನ್ನು ಎರಡನೆಯ ಸಲ ನಾನೇ ತೆಗೆದೆ. ಸ್ಕ್ರೂ ತಿರುಗಿಸಿ, ವೇಗ ಇಳಿಸಿ, ಸುಯ್ ಸದ್ದನ್ನು ಹಾಗೇ ಬಿಟ್ಟು ಕಳಿಸಿದೆ. ರಾತ್ರಿ ಚಿಕ್ಕಮ್ಮನ ಫೋನು ಬಂತು. “ತಂಬೂರಿ ಕೇಳಿಸ್ತು ಕಣೋ. ಮಧ್ಯೆ ಠಣ್ ಅಂತ ಒಂದು ಸದ್ದು ಬರತ್ತಲ್ಲ, ಅದು ನಾನು ಕಾಫಿ ಲೋಟ ಕೆಳಗಿಟ್ಟಿದ್ದು.”