ಕಡ್ಡಾಯ ಸೇವೆ ಕಲಿಕೆಯಾಗುವುದು ಯಾವಾಗ?

ಅಮೆರಿಕದ ಅನೇಕ ಕ್ಯಾಥೊಲಿಕ್ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆಗಳಲ್ಲಿ ಉತ್ತಮ ಅಂಕ ಗಳಿಸಿದ ಮಾತ್ರಕ್ಕೆ ವಿದ್ಯಾರ್ಥಿಯ ವ್ಯಾಸಂಗ ಪೂರ್ಣಗೊಳ್ಳುವುದಿಲ್ಲ. ಶಾಲೆ ನಿಗದಿಪಡಿಸಿದ ಸಮಾಜಸೇವೆಯನ್ನೂ ಆತ ಪೂರೈಸಿರಬೇಕು. ವೃದ್ಧಾಶ್ರಮ, ಬಡವರ ಊಟದ ಮನೆ, ಅಂಗವಿಕಲ ಮಕ್ಕಳ ಶಿಬಿರ ಇತ್ಯಾದಿ ಯಾವುದಾದರೊಂದು ಕಡೆ ದುಡಿದು, ಅಲ್ಲಿನ ಮೇಲ್ವಿಚಾರಕರ ಸಹಿ ಪಡೆದು ಶಾಲೆಗೆ ಒಪ್ಪಿಸಬೇಕು. ಇಲ್ಲವಾದರೆ ಡಿಪ್ಲೊಮಾ ಕೈಸೇರುವುದಿಲ್ಲ.

ಮೇಲ್ನೋಟಕ್ಕೆ ಇದು ಸ್ತುತ್ಯರ್ಹ ನಿಯಮ. ಆದರೆ ಸೇವೆ ಎಂಬುದು ಸ್ವಇಚ್ಛೆಯಿಂದ ಬರಬೇಕಾದದ್ದು. ಅದನ್ನು ಕಡ್ಡಾಯಗೊಳಿಸಿದರೆ ಉಳಿಯುವುದೇನು ಎಂಬ ಪ್ರಶ್ನೆ ಕಳೆದ ಮೂರು ದಶಕಗಳಿಂದಲೂ ಕೇಳಿಬರುತ್ತಿದೆ. ಕ್ಯಾಥೊಲಿಕ್ ಶಾಲೆಗಳ ಅನುಭವದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

ವೆಲೆನ್ಸಿಯಾದ ಭಾಷಣ

ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿಗಳ ಭೇಟಿ ಮೊದಲಾದ ಏಳು ದಯಾಕೃತ್ಯಗಳು ಕ್ಯಾಥೊಲಿಕ್ ಧರ್ಮಬೋಧೆಯಲ್ಲಿ ಬಹು ಹಿಂದಿನಿಂದಲೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯವೇ ಆಧಾರ. ಆದರೆ ಶಾಲಾ ಶಿಕ್ಷಣದ ಗುರಿಯೇ ಸೇವೆ ಎಂಬ ಚಿಂತನೆಗೆ ಹೊಸ ಚಾಲನೆ ದೊರೆತದ್ದು 1973ರ ಜುಲೈ 31ರಂದು. ಅಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಯೇಸುಸಭೆಯ ಶಾಲೆಗಳ ಹಳೆ ವಿದ್ಯಾರ್ಥಿಗಳ ಸಮಾವೇಶವನ್ನು ಉದ್ದೇಶಿಸಿ ಸಭೆಯ ಜಾಗತಿಕ ಮುಖ್ಯಸ್ಥ ಫಾ. ಪೆದ್ರೊ ಅರೂಪೆ ಮಾತನಾಡಿದರು. 'ಇತರರಿಗಾಗಿ ಬದುಕುವವರನ್ನು' ರೂಪಿಸುವುದೇ ಶಿಕ್ಷಣದ ಉದ್ದೇಶವಾಗಬೇಕು ಎಂಬುದು ಅವರ ಮಾತಿನ ತಿರುಳು. ನ್ಯಾಯದ ವಿಷಯದಲ್ಲಿ ನಮ್ಮ ಶಾಲೆಗಳು ನಿಮ್ಮನ್ನು ಸಿದ್ಧಗೊಳಿಸಿದವೇ ಎಂದು ತಾವೇ ಕೇಳಿ, ಇಲ್ಲವೆಂದು ಅವರು ಒಪ್ಪಿಕೊಂಡರು. ಅನುಕೂಲಸ್ಥ ಮನೆತನಗಳಿಂದ ಬಂದಿದ್ದ ಕೆಲವು ಸಭಿಕರಿಗೆ ಈ ಮಾತು ಹಿಡಿಸಲಿಲ್ಲ.

1945ರಲ್ಲಿ ಹಿರೋಷಿಮಾದ ಹೊರವಲಯದಲ್ಲಿದ್ದು, ಅಣುಬಾಂಬಿನಿಂದ ಗಾಯಗೊಂಡವರ ಶುಶ್ರೂಷೆಗೆ ಮುಂದಾದವರು ಇದೇ ಅರೂಪೆ. ಅವರ ಅಂದಿನ ನುಡಿ ಮುಂದೆ ಜಗತ್ತಿನ ಉದ್ದಗಲಕ್ಕೂ ಯೇಸುಸಭೆಯ ಶಾಲೆಗಳ ಧ್ಯೇಯವಾಕ್ಯವಾಯಿತು. 1880ರಲ್ಲಿ ಸ್ಥಾಪನೆಯಾದ ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯೂ ಇದೇ ಪರಂಪರೆಗೆ ಸೇರಿದ್ದು.

ಸೇವೆ ಮತ್ತು ಸೇವಾ ಕಲಿಕೆ

ಸಮಾಜಸೇವೆ ಬೇರೆ, ಸೇವಾ ಕಲಿಕೆ ಬೇರೆ. ವಿದ್ಯಾರ್ಥಿಗಳು ಒಂದು ಭಾನುವಾರ ಕಡಲತೀರದ ಕಸ ಹೆಕ್ಕಿದರೆ ಅದು ಸೇವೆ. ಆ ಕಸ ಎಲ್ಲಿಂದ ಬಂತು, ಯಾರು ಎಸೆದರು, ಅದನ್ನು ಸಾಗಿಸುವ ಹೊಣೆ ಯಾರದು, ಮೀನುಗಾರರ ಬಲೆಗೆ ಅದರಿಂದೇನಾಗುತ್ತದೆ ಎಂಬುದನ್ನು ತರಗತಿಯಲ್ಲಿ ಅಧ್ಯಯನ ಮಾಡಿ, ಚರ್ಚಿಸಿ, ಬರೆದಾಗ ಅದು ಸೇವಾ ಕಲಿಕೆ. ಪೂರ್ವಸಿದ್ಧತೆ, ಕೆಲಸ, ಮನನ ಈ ಮೂರೂ ಅದಕ್ಕೆ ಅಗತ್ಯ. 'ಸರ್ವಿಸ್ ಲರ್ನಿಂಗ್' ಎಂಬ ಪದ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ.

ಅಮೆರಿಕದ ಎಲ್ಲ ಕ್ಯಾಥೊಲಿಕ್ ಶಾಲೆಗಳಿಗೂ ಅನ್ವಯಿಸುವ ಏಕರೂಪದ ಗಂಟೆಗಳ ಲೆಕ್ಕವಿಲ್ಲ. ಧರ್ಮಪ್ರಾಂತ್ಯ ಅಥವಾ ಶಾಲೆಯೇ ಅದನ್ನು ನಿರ್ಧರಿಸುತ್ತದೆ. ಆದರೆ ಕೆಲವು ನಿಯಮಗಳು ಸಾಮಾನ್ಯವಾಗಿ ಎಲ್ಲೆಡೆ ಕಾಣುತ್ತವೆ. ಕೆಲಸಕ್ಕೆ ಸಂಬಳ ಪಡೆಯುವಂತಿಲ್ಲ. ಸ್ವಂತ ಮನೆಯ ಕೆಲಸ ಲೆಕ್ಕಕ್ಕಿಲ್ಲ. ಲಾಭದ ಉದ್ದೇಶದ ಕಂಪೆನಿಗಳಲ್ಲಿ ದುಡಿದರೆ ಮಾನ್ಯತೆಯಿಲ್ಲ. ಕಚೇರಿಯ ಕಡತ ಜೋಡಿಸುವುದಕ್ಕಿಂತ ಬಡವರ, ರೋಗಿಗಳ, ವೃದ್ಧರ ನೇರ ಒಡನಾಟಕ್ಕೆ ಆದ್ಯತೆ. ಕೊನೆಗೆ, ಧರ್ಮಬೋಧೆಯ ತರಗತಿಯಲ್ಲಿ ಆ ಅನುಭವದ ಕುರಿತು ಪ್ರಬಂಧ ಬರೆಯಬೇಕು.

ನ್ಯಾಯಾಲಯದ ಮೆಟ್ಟಿಲಲ್ಲಿ

ಸರ್ಕಾರಿ ಶಾಲೆಗಳೂ ಈ ಹಾದಿ ಹಿಡಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಶಾಲಾ ಜಿಲ್ಲೆ 60 ಗಂಟೆಗಳ ಸೇವೆಯನ್ನು ಕಡ್ಡಾಯಗೊಳಿಸಿತ್ತು. ಗುಲಾಮಗಿರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಗೆ ಇದು ವಿರುದ್ಧವೆಂದು ಕೆಲವು ವಿದ್ಯಾರ್ಥಿಗಳು ಹಾಗೂ ಹೆತ್ತವರು ವಾದಿಸಿದರು. ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಮೇರಿಲ್ಯಾಂಡ್ ರಾಜ್ಯ 1992ರಲ್ಲಿ 75 ಗಂಟೆಗಳ ನಿಯಮವನ್ನು ರಾಜ್ಯವ್ಯಾಪಿಯಾಗಿ ಅಂಗೀಕರಿಸಿತು. ಖಾಸಗಿ ಕ್ಯಾಥೊಲಿಕ್ ಶಾಲೆಗಳಿಗೆ ಈ ತೊಡಕಿಲ್ಲ. ನಿಯಮ ತಿಳಿದೇ ಹೆತ್ತವರು ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ.

ಕೆನಡಾದ ಒಂಟಾರಿಯೋದಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ ಕ್ಯಾಥೊಲಿಕ್ ಶಾಲೆಗಳೂ ಸರ್ಕಾರದ ಹಣದಲ್ಲೇ ನಡೆಯುತ್ತವೆ. 1999ರಲ್ಲಿ ಜಾರಿಗೆ ಬಂದ 40 ಗಂಟೆಗಳ ಸಮುದಾಯ ಸೇವೆಯ ನಿಯಮ ಎರಡೂ ಬಗೆಯ ಶಾಲೆಗಳಿಗೆ ಅನ್ವಯ. ಕೊರೋನಾ ಕಾಲದಲ್ಲಿ, 2020–21ರಲ್ಲಿ, ಅದನ್ನು 20 ಗಂಟೆಗೆ ಇಳಿಸಲಾಗಿತ್ತು. ಟೊರೊಂಟೊ ಆಸುಪಾಸಿನ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ನಿಯಮ ಹೊಸತಲ್ಲ.

ಊಟದ ಮನೆಯ ಪಾಠ

ಕಡ್ಡಾಯ ಸೇವೆ ಫಲ ಕೊಡುತ್ತದೆಯೇ? ಈ ಕುರಿತ ಬಹುಚರ್ಚಿತ ಅಧ್ಯಯನವೊಂದು ನಡೆದದ್ದು ಕ್ಯಾಥೊಲಿಕ್ ಪ್ರೌಢಶಾಲೆಯಲ್ಲೇ. ಸಂಶೋಧಕರಾದ ಜೇಮ್ಸ್ ಯೂನಿಸ್ ಮತ್ತು ಮಿರಾಂಡಾ ಯೇಟ್ಸ್ ವಾಷಿಂಗ್ಟನ್ ನಗರದ ಶಾಲೆಯೊಂದನ್ನು ಆರಿಸಿಕೊಂಡರು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಸಾಮಾಜಿಕ ನ್ಯಾಯದ ಕುರಿತಾದ ಕಡ್ಡಾಯ ಪಾಠದ ಅಂಗವಾಗಿ ಅವರು ವಸತಿಹೀನರ ಊಟದ ಮನೆಗೆ ವರ್ಷದಲ್ಲಿ ಹಲವು ಬಾರಿ ಹೋಗಿ ಬಡಿಸುತ್ತಿದ್ದರು. ಪ್ರತಿ ಭೇಟಿಯ ಬಳಿಕ ಪ್ರಬಂಧ, ಜೊತೆಗೆ ಗುಂಪು ಚರ್ಚೆ. ಅಧ್ಯಯನ 1997ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಆ ಪ್ರಬಂಧಗಳಲ್ಲಿ ಸಂಶೋಧಕರು ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದು, ವಸತಿಹೀನರೆಂದರೆ ಸೋಮಾರಿಗಳು, ಕುಡುಕರು ಎಂಬ ಪೂರ್ವಗ್ರಹ ಕರಗಿ ಎದುರಿಗಿರುವವನು ತನ್ನಂತೆಯೇ ಮನುಷ್ಯನೆಂದು ಕಾಣುವುದು. ಎರಡನೆಯದು, ಆತನ ಬದುಕಿನೊಡನೆ ತನ್ನ ಬದುಕನ್ನು ಹೋಲಿಸಿಕೊಳ್ಳುವುದು. ಮೂರನೆಯದು, ಇಷ್ಟು ಶ್ರೀಮಂತ ದೇಶದ ರಾಜಧಾನಿಯಲ್ಲಿ ಮನೆಯಿಲ್ಲದವರು ಏಕಿದ್ದಾರೆ, ಇದನ್ನು ಬದಲಿಸುವ ಹೊಣೆ ಯಾರದು ಎಂದು ಕೇಳುವುದು. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಸೇವೆ ಒಂಟಿಯಾಗಿರಲಿಲ್ಲ; ಅದರ ಹಿಂದೆ ಪಾಠವಿತ್ತು, ಮುಂದೆ ಚರ್ಚೆಯಿತ್ತು.

ಕೇವಲ ಗಂಟೆಗಳ ಲೆಕ್ಕವಿದ್ದಲ್ಲಿ ಫಲಿತಾಂಶ ಅಷ್ಟು ಉತ್ತೇಜಕವಾಗಿಲ್ಲ. ಒಂಟಾರಿಯೋದಲ್ಲಿ ನಿಯಮಕ್ಕೆ ಒಳಪಟ್ಟವರನ್ನೂ ಒಳಪಡದವರನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಂತರದ ನಾಗರಿಕ ಪ್ರಜ್ಞೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೇವೆಯ ಅನುಭವ ಎಷ್ಟು ಚೆನ್ನಾಗಿತ್ತು ಎಂಬುದೇ ಮುಖ್ಯವೆಂದು ಅದು ತೋರಿಸಿತು. ಮೇರಿಲ್ಯಾಂಡ್ ಕುರಿತ 2013ರ ಅಧ್ಯಯನದ ಪ್ರಕಾರ, ಕಿರಿಯ ತರಗತಿಯಲ್ಲೇ ಮಕ್ಕಳು ಗಂಟೆಗಳನ್ನು ಮುಗಿಸಿಬಿಡುತ್ತಿದ್ದರು. 12ನೇ ತರಗತಿಗೆ ಬರುವಾಗ ಸ್ವಯಂಸೇವೆಯ ಪ್ರಮಾಣ ಇಳಿದಿತ್ತು.

ನಮ್ಮ ನೆಲದಲ್ಲಿ

ಈ ಚಿಂತನೆ ಭಾರತಕ್ಕೆ ಅಪರಿಚಿತವಲ್ಲ. ದುಡಿಮೆಯ ಮೂಲಕವೇ ಕಲಿಕೆ ಎಂಬ ತತ್ತ್ವವನ್ನು ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಮುಂದಿಟ್ಟಿದ್ದರು. ಅವರ ಜನ್ಮ ಶತಮಾನೋತ್ಸವದ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಘೋಷವಾಕ್ಯವೇ 'ನಾನಲ್ಲ, ನೀನು'. ಕಾಲೇಜು ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕೆಂಬುದು ಅದರ ನಿಯಮ.

ಅನೇಕ ಕ್ರೈಸ್ತ ಶಾಲೆಗಳು ಅನುಸರಿಸುವ ಐಸಿಎಸ್ಇ ಪಠ್ಯಕ್ರಮದಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ, ಅಂದರೆ ಎಸ್‌ಯುಪಿಡಬ್ಲ್ಯು, ಸಮುದಾಯ ಸೇವೆಯೊಂದಿಗೆ ಕಡ್ಡಾಯ ವಿಷಯವಾಗಿ ಬಂದಿದೆ. ಆದರೆ ಆ ನಾಲ್ಕಕ್ಷರಗಳನ್ನು 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಎಂದು ವಿದ್ಯಾರ್ಥಿಗಳು ಹಾಸ್ಯವಾಗಿ ವಿಸ್ತರಿಸುವುದುಂಟು. ಉಪಯುಕ್ತ ತರಗತಿಗಳು ವ್ಯರ್ಥವಾದವು ಎಂಬ ಈ ಕುಹಕದ ಹಿಂದೆ ಸತ್ಯಾಂಶವಿದೆ. ಮನನವಿಲ್ಲದ ಸೇವೆ ಬರಿಯ ಶ್ರೇಣಿಯಾಗಿ ಅಂಕಪಟ್ಟಿಯಲ್ಲಿ ಉಳಿಯುತ್ತದೆ.

ಸೇವೆ ಪಡೆಯುವವರ ಮಾತು

ಇಡೀ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವವರು ಸೇವೆ ಸ್ವೀಕರಿಸುವವರು. ಹಬ್ಬದ ದಿನ ಬಸ್ಸಿನಲ್ಲಿ ಬಂದು, ಹಣ್ಣು ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಹೋಗುವ ವಿದ್ಯಾರ್ಥಿಗಳಿಂದ ವೃದ್ಧಾಶ್ರಮದ ಅಜ್ಜಿಗೆ ದೊರೆಯುವುದು ಅರ್ಧ ಗಂಟೆಯ ಗದ್ದಲ ಮಾತ್ರ. ಅದೇ ವಿದ್ಯಾರ್ಥಿ ವರ್ಷವಿಡೀ ತಿಂಗಳಿಗೊಮ್ಮೆ ಬಂದು ಕುಳಿತರೆ ಆಕೆಯ ಹೆಸರು, ಊರು, ಕಥೆ ಅವನಿಗೆ ತಿಳಿಯುತ್ತದೆ. ಅವನ ದಾರಿ ಕಾಯುವವರೊಬ್ಬರು ಅಲ್ಲಿರುತ್ತಾರೆ.

ವಿದ್ಯಾರ್ಥಿಗಳ ನಡುವಣ ಅಸಮಾನತೆಯನ್ನೂ ಮರೆಯುವಂತಿಲ್ಲ. ಶಾಲೆ ಬಿಟ್ಟೊಡನೆ ಅಂಗಡಿಯಲ್ಲಿ ದುಡಿಯಬೇಕಾದ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನನ್ನು ನೋಡಿಕೊಳ್ಳಬೇಕಾದ ಹುಡುಗಿಗೆ 40 ಗಂಟೆ ಹೊಂದಿಸುವುದು ಸುಲಭವಲ್ಲ. ಆಕೆ ಮನೆಯಲ್ಲಿ ಮಾಡುವುದೂ ಶುಶ್ರೂಷೆಯೇ. ಆದರೆ ನಿಯಮದಲ್ಲಿ ಅದಕ್ಕೆ ಲೆಕ್ಕವಿಲ್ಲ. ಶಾಲಾ ಅವಧಿಯಲ್ಲೇ ಸೇವೆಗೆ ಸಮಯ ಮೀಸಲಿಡುವುದು ಇದಕ್ಕೊಂದು ಪರಿಹಾರ.

ಕಡ್ಡಾಯ ಎಂಬುದೇ ದೋಷವಲ್ಲ. ಗಣಿತವೂ ಕಡ್ಡಾಯವೇ, ಆದರೂ ಅದನ್ನು ಪ್ರೀತಿಸುವವರು ಹುಟ್ಟುತ್ತಾರೆ. ಆದರೆ ಗಣಿತಕ್ಕೆ ಶಿಕ್ಷಕರಿದ್ದಾರೆ, ವೇಳಾಪಟ್ಟಿಯಿದೆ, ತಪ್ಪು ತಿದ್ದುವ ವ್ಯವಸ್ಥೆಯಿದೆ. ಸೇವೆಯನ್ನು ಕಡ್ಡಾಯಗೊಳಿಸುವ ಶಾಲೆ ಅದಕ್ಕೂ ಅಷ್ಟೇ ಸಿದ್ಧತೆ ಮಾಡಿಕೊಂಡಿದೆಯೇ, ಅಥವಾ ಒಂದು ಸಹಿಯ ಕಾಗದವನ್ನಷ್ಟೇ ಕೇಳುತ್ತಿದೆಯೇ ಎಂಬುದನ್ನು ಹೆತ್ತವರೂ ಆಡಳಿತ ಮಂಡಳಿಗಳೂ ವಿಚಾರಿಸಬೇಕಾಗಿದೆ.