ಅಮ್ಮನ ಹಾಡು, ಬಳೆಯ ಸದ್ದು



ಡೊಂಬಿವಲಿಯ ಕೇಳುಗರೊಬ್ಬರು ಹಳೆಯ ಕ್ಯಾಸೆಟ್ ಹಿಡಿದು ನಮ್ಮ ಸ್ಟುಡಿಯೋಗೆ ಬಂದಿದ್ದರು. ತೀರಿಕೊಂಡ ಅವರ ತಾಯಿ ಮನೆಯ ಮದುವೆಯಲ್ಲಿ ಹೇಳಿದ ಆರತಿ ಹಾಡು ಅದರಲ್ಲಿತ್ತು. "ಈ ಸುಯ್ ಸದ್ದು ತೆಗೆದುಕೊಡಿ ಮೇಡಂ" ಎಂದರು. ನಾನೂ ಹುರುಪಿನಿಂದ ಪೂರ್ತಿ ಒರೆಸಿ ಕೊಟ್ಟೆ. ಅವರು ಕೇಳಿ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಅಮ್ಮ ತಟ್ಟೆ ಎತ್ತುವಾಗ ಬಳೆ ಸದ್ದಾಗ್ತಿತ್ತಲ್ಲ, ಅದೆಲ್ಲಿ ಹೋಯ್ತು?" ಎಂದರು.

ಇಂಥ ಕ್ಯಾಸೆಟ್ ನಿಮ್ಮ ಮನೆಯಲ್ಲೂ ಇದ್ದೀತು. ನನ್ನ ತಪ್ಪು ನೀವು ಮಾಡಬೇಡಿ.

ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರ್ ಹಾಕಿ. ಲ್ಯಾಪ್‌ಟಾಪಿನಲ್ಲಿ ಅದಿಲ್ಲದಿದ್ದರೆ ಯುಎಸ್‌ಬಿ ಆಡಿಯೋ ಅಡಾಪ್ಟರ್ ಬೇಕು. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶ ಸಾಕು. ರೆಕಾರ್ಡ್ ಮಾಡುವಾಗ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಪೂರ್ತಿ ಸರಿಮಾಡಲಾಗದು. ಮೂಲವನ್ನು ವೇವ್ ಕಡತವಾಗಿ ಉಳಿಸಿ, ಪ್ರತಿಯ ಮೇಲಷ್ಟೇ ಕೆಲಸ ಮಾಡಿ.

ಕರೆಂಟಿನ ಗುಂಯ್ ಸದ್ದಿದ್ದರೆ ಅದನ್ನು ಮೊದಲು ತೆಗೆಯಿರಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ನಾಚ್ ಫಿಲ್ಟರಿನಲ್ಲಿ 50 ಎಂದು ಕೊಡಿ. ಸಾಲದಿದ್ದರೆ ಮತ್ತೊಮ್ಮೆ 100 ಕೊಡಿ.

ಮುಂದಿನದು ಟೇಪಿನ ಸುಯ್. ಹಾಡು ಶುರುವಾಗುವ ಮುಂಚಿನ, ಬರೀ ಸುಯ್ ಇರುವ ಒಂದೆರಡು ಸೆಕೆಂಡು ಆರಿಸಿ, ನಾಯ್ಸ್ ರಿಡಕ್ಷನ್‌ನಲ್ಲಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ. ಯಾವ ಕಂಪನದಲ್ಲಿ ಎಷ್ಟು ಸುಯ್ ಇದೆಯೆಂದು ತಂತ್ರಾಂಶ ಕಲಿತುಕೊಳ್ಳುತ್ತದೆ. ನಂತರ ಇಡೀ ಹಾಡನ್ನು ಆರಿಸಿ ಅದೇ ಕಿಟಕಿ ತೆರೆಯಿರಿ. ಆಯಾ ಕಂಪನದಲ್ಲಿ ಸುಯ್‌ನ ಮಟ್ಟ ಮೀರದ್ದನ್ನೆಲ್ಲ ತಂತ್ರಾಂಶ ತಗ್ಗಿಸುತ್ತದೆ. ಎಡವಟ್ಟಾಗುವುದು ಇಲ್ಲೇ. ಬಳೆಯ ಕಿಣಿಕಿಣಿ, ಉಸಿರು, ಪದದ ಕೊನೆಯ ಸಕಾರ ಎಲ್ಲವೂ ಸಣ್ಣ ಸದ್ದುಗಳು. ಅವೂ ಸುಯ್ ಜೊತೆಗೇ ಕೊಚ್ಚಿಹೋಗುತ್ತವೆ. ನಾನು 30 ಡೆಸಿಬೆಲ್ ಕೊಟ್ಟಿದ್ದೆ. ಬಳೆ ಹೋಯಿತು, ಅಮ್ಮನ ದನಿ ನೀರೊಳಗಿಂದ ಬಂದಂತಾಯಿತು. 6ರಿಂದ 12ರೊಳಗೆ ಇರಲಿ.

ಅದೇ ಕಿಟಕಿಯಲ್ಲಿ 'ರೆಸಿಡ್ಯೂ' ಎಂಬ ಆಯ್ಕೆಯಿದೆ. ಅದನ್ನು ಆರಿಸಿ ಪ್ರಿವ್ಯೂ ಒತ್ತಿದರೆ, ತೆಗೆದುಹಾಕಲಿರುವ ಸದ್ದಷ್ಟೇ ಕೇಳುತ್ತದೆ. ಬರೀ ಸುಯ್ ಕೇಳಿದರೆ ಸರಿ. ಹಾಡಿನ ತುಣುಕು ಕೇಳಿಸಿದರೆ ಡೆಸಿಬೆಲ್ ಇಳಿಸಿ. ಬಳಿಕ ಮರೆಯದೆ 'ರೆಡ್ಯೂಸ್'ಗೆ ಮರಳಿ ಓಕೆ ಒತ್ತಿ. ಕೊನೆಗೆ ನಾರ್ಮಲೈಸ್‌ನಲ್ಲಿ ಮೈನಸ್ 1 ಕೊಟ್ಟು ದನಿ ಏರಿಸಿ.

ಪುಣ್ಯಕ್ಕೆ ಮೂಲ ಕಡತ ನನ್ನಲ್ಲಿತ್ತು. ಎರಡನೆಯ ಸಲ 8 ಡೆಸಿಬೆಲ್ ಸಾಕಾಯಿತು. ಸುಯ್ ಅಷ್ಟಿಷ್ಟು ಉಳಿಯಿತು, ಬಳೆಯೂ ಉಳಿಯಿತು. ಅವರು ಕಣ್ಣು ಮುಚ್ಚಿ ಕೊನೆತನಕ ಕೇಳಿದರು.

ಟೇಪು ವರ್ಷವರ್ಷ ಸವೆಯುತ್ತದೆ ಕೇಳುಗರೇ. ಈ ಭಾನುವಾರವೇ ಅಟ್ಟದ ಮೇಲಿನ ಡಬ್ಬ ಇಳಿಸಿ ನೋಡಿ.