ಮೊಳದುದ್ದವೂ ಇಲ್ಲದ ಕನ್ನಡಿಗೆ ಸಿಕ್ಕ ಬೆಳಕು

ಹೂವಾಡಗಿತ್ತಿ ಅಳೆದು ಕೊಡುವ ಒಂದು ಮೊಳ ಮಲ್ಲಿಗೆಗಿಂತ ಕಿರಿದು ಆ ಕನ್ನಡಿ. ಅಡ್ಡಳತೆ ಸುಮಾರು 38 ಸೆಂಟಿಮೀಟರ್, ಅಷ್ಟೇ. ಅದರ ಮೇಲೆ ಬಂದು ಬಿದ್ದ ಬೆಳಕು ಹೊರಟಿದ್ದು 930 ಕೋಟಿ ವರ್ಷಗಳ ಹಿಂದೆ! ಆಗ ಸೂರ್ಯನೇ ಇರಲಿಲ್ಲ. ಆ ಬೆಳಕು ಅರ್ಧ ದಾರಿ ಸವೆಸುವ ಹೊತ್ತಿಗೆ ಸೂರ್ಯ ಹುಟ್ಟಿದ, ಭೂಮಿ ಮೈತಳೆಯಿತು. ಉಳಿದರ್ಧ ದಾರಿಯಲ್ಲಿ ಕಡಲು ತುಂಬಿತು, ಜೀವ ಮೂಡಿತು, ಡೈನೋಸಾರ್‌ಗಳು ಬಂದು ಹೋದವು, ಕೊನೆಗೆ ನಾವು ಬಂದೆವು. ಬಂದು, ನಮ್ಮ ಹೊಸಕೋಟೆಯಲ್ಲಿ ಕೂತು ದೂರದರ್ಶಕ ಜೋಡಿಸಿ, ಆ ಬೆಳಕಿನ ದಾರಿಗೆ ಅಡ್ಡ ಹಿಡಿದೆವು!

ಆ ದೂರದರ್ಶಕದ ಹೆಸರು ಯುವಿಐಟಿ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಒಂದೊಂದೇ ಫೋಟಾನ್ ಎಣಿಸಿ ಹಿಡಿಯುವ ಜೋಡಿ ದೂರದರ್ಶಕ. ಕನ್ನಡಿಯ ಮೇಲೆ ಜಿಡ್ಡಿನ ತೆಳುಪೊರೆ ಕೂತರೂ ಆ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಲ್ಲಿ, ಧೂಳು ಸುಳಿಯದ ಕೋಣೆಗಳಲ್ಲಿ ಇದನ್ನು ಜೋಡಿಸಿದರು. 2015ರ ಸೆಪ್ಟೆಂಬರ್ 28ರಂದು ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಅದನ್ನು ಹೊತ್ತು 650 ಕಿಲೋಮೀಟರ್ ಎತ್ತರಕ್ಕೇರಿತು. ಏರಿದ ಮೇಲೂ ಅದೇ ಜಿಡ್ಡಿನ ಅಂಜಿಕೆಯಿಂದ ಸುಮಾರು ಎರಡು ತಿಂಗಳು ಮುಚ್ಚಳ ತೆರೆಯಲಿಲ್ಲ. ಎಂಥ ತಾಳ್ಮೆ!

2016ರ ಅಕ್ಟೋಬರ್‌ನಲ್ಲಿ ಫೋರ್ನ್ಯಾಕ್ಸ್ ನಕ್ಷತ್ರಪುಂಜದ ಕಡೆಯ ಒಂದು ತುಣುಕು ಆಕಾಶವನ್ನು ಅದು 28 ಗಂಟೆಗೂ ಹೆಚ್ಚು ಕಾಲ ದಿಟ್ಟಿಸಿತು. ಅಲ್ಲಿನ ಪುಟ್ಟ ಗೆಲಾಕ್ಸಿಯೊಂದರಿಂದ ಬಂದ ಬೆಳಕು ಸಾಮಾನ್ಯದ್ದಲ್ಲ. ಹೊರಟಾಗ ಅದರ ಅಲೆಯುದ್ದ 60 ನ್ಯಾನೋಮೀಟರ್ ಆಸುಪಾಸು. 91 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಗಳನ್ನು ಅವು ಹುಟ್ಟಿದಲ್ಲೇ ಹೈಡ್ರೋಜನ್ ಬಹುಪಾಲು ನುಂಗಿಬಿಡುತ್ತದೆ. ಆದರೂ ಇದು ತಪ್ಪಿಸಿಕೊಂಡಿತ್ತು! ವಿಶ್ವ ಹಿಗ್ಗುತ್ತ ಹೋದಂತೆ ತಾನೂ ಸುಮಾರು ಎರಡೂವರೆ ಪಟ್ಟು ಹಿಗ್ಗಿ ನಮ್ಮ ಕನ್ನಡಿಯನ್ನು ತಲುಪಿತ್ತು. ವಿಶ್ವದ ಎಳವೆಯಲ್ಲಿ ಕವಿದಿದ್ದ ಹೈಡ್ರೋಜನ್ ಮಬ್ಬನ್ನು ಹರಿಸಿದ್ದು ಇಂಥದೇ ಬೆಳಕು ಎನ್ನುತ್ತಾರೆ ವಿಜ್ಞಾನಿಗಳು. ಅದು ಗೆಲಾಕ್ಸಿಯಿಂದ ಹೊರಬಿದ್ದದ್ದು ಹೇಗೆಂಬುದಕ್ಕೆ ಇಲ್ಲೊಂದು ಸುಳಿವು ಸಿಕ್ಕಿತು.

2.4 ಮೀಟರ್ ಕನ್ನಡಿಯ ಹಬಲ್ ದೂರದರ್ಶಕಕ್ಕೂ ದಕ್ಕದ್ದು ಇದಕ್ಕೆ ದಕ್ಕಿದ್ದು ಹೇಗೆ? ಗದ್ದಲವಿಲ್ಲದ ಮನೆಯಲ್ಲಿ ಪಿಸುಮಾತೂ ಕೇಳಿಸುತ್ತದಲ್ಲ, ಹಾಗೆ. ಯುವಿಐಟಿಯ ಸಂವೇದಕದಲ್ಲಿ ಹಿನ್ನೆಲೆಯ ಗದ್ದಲ ತೀರಾ ಕಡಿಮೆ. ಪುಣೆಯ ಐಯುಕಾ ಸಂಸ್ಥೆಯ ವಿಜ್ಞಾನಿ ಕನಕ್ ಸಾಹಾ ಮತ್ತು ದೇಶವಿದೇಶಗಳ ಸಂಗಡಿಗರು ಸುಮಾರು ಎರಡು ವರ್ಷ ಲೆಕ್ಕವನ್ನು ತಿರುತಿರುಗಿ ತಾಳೆ ನೋಡಿ, 2020ರ ಆಗಸ್ಟ್‌ನಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಇದನ್ನು ಲೋಕಕ್ಕೆ ಸಾರಿದರು.

ನನಗೆ ಇದಕ್ಕಿಂತಲೂ ರೋಮಾಂಚನ ತಂದ ಸಂಗತಿ ಇನ್ನೊಂದಿದೆ. ಆಸ್ಟ್ರೋಸ್ಯಾಟ್ ಕಂಡ ಆಕಾಶದ ಮಾಹಿತಿಯನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ ಕೂಡಿಡುತ್ತದೆ. 2018ರಿಂದ ಆ ಭಂಡಾರ ಸಾರ್ವಜನಿಕರಿಗೂ ತೆರೆದಿದೆ. ನಿಮ್ಮ ಮನೆಯಲ್ಲಿ ಭೌತಶಾಸ್ತ್ರ ಓದುವ ಮಗಳೋ ಮಗನೋ ಇದ್ದರೆ ಈ ವಿಷಯವನ್ನು ಇವತ್ತೇ ಹೇಳಿ.